ಚರಗಿಯ ಕಾವಲು: ಕಿಲ್ಲಾರಿಯ ಇಪ್ಪತ್ತೆಂಟು ವರ್ಷಗಳ ನಂತರ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಿಂದ ನಲವತ್ತೆರಡು ವರ್ಷದ ಮಹಿಳೆಯೊಬ್ಬರನ್ನು ಅವರ ಪತಿ 2021ರ ನವೆಂಬರಿನಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ಮಳೆಗಾಲದ ಕೊನೆಯಲ್ಲಿ ಗಡಿಕೇಶ್ವರ ಮತ್ತು ಸುತ್ತಲಿನ ಊರುಗಳಲ್ಲಿ ನೆಲದೊಳಗಿನಿಂದ ಸದ್ದು ಕೇಳಿಸುತ್ತಿತ್ತು, ಮೇಲಿಂದ ಮೇಲೆ ಕಂಪನಗಳಾಗುತ್ತಿದ್ದವು. ಅಕ್ಟೋಬರ್ 11ರ ರಾತ್ರಿ 9.54ಕ್ಕೆ 4.1 ತೀವ್ರತೆಯ ಕಂಪನವಾದ ಮೇಲೆ ಅನೇಕ ಕುಟುಂಬಗಳು ಊರು ಬಿಟ್ಟವು, ಉಳಿದವರು ಮನೆಯ ಮುಂದಿನ ಬಯಲಿನಲ್ಲಿ ಮಲಗತೊಡಗಿದರು. ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚಿನವರು ಮನೆಯೊಳಗೆ ಮರಳಿದ್ದರು. “ಊರ ಮಂದಿ ಎಲ್ಲಾ ಒಳಗ ಮಲಗಲತ್ತಾರ್ರಿ, ಈಕಿ ಒಬ್ಬಾಕಿ ಮಲಗವಲ್ಲಳು” ಎಂಬುದು ಪತಿಯ ದೂರು.

ಆಕೆ ರಾತ್ರಿಯಿಡೀ ಬಾಗಿಲ ಬಳಿ ಕೂತಿರುತ್ತಿದ್ದರು. ತಲೆದೆಸೆಯಲ್ಲಿ ಮೂರು ಹಿತ್ತಾಳೆ ಚರಗಿಗಳನ್ನು ಬೋರಲು ಹಾಕಿ ಒಂದರ ಮೇಲೊಂದು ನಿಲ್ಲಿಸಿ, ನೆಲ ಅಲುಗಿದರೆ ಅವು ಬಿದ್ದು ಸದ್ದಾಗಲಿ ಎಂದು ಕಾಯುತ್ತಿದ್ದರು. ಸುಮಾರು ಮೂರೂವರೆಗೆ, ಪಿಯುಸಿ ಓದುತ್ತಿದ್ದ ಮಗಳನ್ನು ಎಬ್ಬಿಸಿ ಅಂಗಳಕ್ಕೆ ಕರೆತಂದು, ನಾಲ್ಕೂವರೆಯವರೆಗೆ ಕೂರಿಸಿಕೊಳ್ಳುತ್ತಿದ್ದರು. ಮಗಳ ಓದು ಕೆಡುತ್ತಿತ್ತು. ಆಕೆಗೆ ಹಗಲಿನಲ್ಲೂ, ನೆಲ ಅಲುಗದಿದ್ದಾಗಲೂ ತೂಗಿದಂತಾಗುತ್ತಿತ್ತು. ದೊಡ್ಡ ಭೂಕಂಪಗಳ ನಂತರ ಬಹಳ ಜನರಿಗೆ ಹೀಗಾಗುವುದುಂಟು, ಅದು ಬುದ್ಧಿಭ್ರಮಣೆಯಲ್ಲ ಎಂದು ಹೇಳಿದಾಗ ಪತಿಗೆ ಎಷ್ಟೋ ಸಮಾಧಾನವಾಯಿತು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಇವು ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದುದರಿಂದ ಆಗುವ ಸಣ್ಣ ಕಂಪನಗಳಿರಬಹುದೆಂದು ತಜ್ಞರು ಹೇಳಿದ್ದಾರೆ, 6ರ ಮೇಲಿನ ಭೂಕಂಪದ ಮುಂದೆ 4ರದ್ದು ಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲೂ ಅಲ್ಲ ಎಂದು, ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ತೊಂಬತ್ತೆರಡರಾಗೂ ಸಣ್ಣವೇ ಇದ್ವುರಿ” ಎಂದರು. ಅಲ್ಲಿಯವರೆಗೆ ಆಕೆಯ ತವರು ಯಾವುದೆಂದು ನಾನು ಕೇಳಿರಲೇ ಇಲ್ಲ.

ತವರು ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಕನ್ನಡ ಮನೆ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಕಿಲ್ಲಾರಿಯ ಭೂಕಂಪವಾದಾಗ ಆಕೆಗೆ ಹದಿನಾಲ್ಕು ವರ್ಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ತಡವಾಗಿ ಮರಳಿದ ಜನ ಗಾಢ ನಿದ್ರೆಯಲ್ಲಿದ್ದರು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತ ಆ ನಸುಕಿನಲ್ಲಿ ಆಕೆಯ ತಾಯಿ ಮತ್ತು ಒಂಬತ್ತು ವರ್ಷದ ತಮ್ಮ ತೀರಿಕೊಂಡರು. ಪಡಸಾಲೆಯ ತೊಲೆಯೊಂದು ಮೂಲೆಗೆ ಒರಗಿ ನಿಂತದ್ದರಿಂದ ಅದರ ಸಂದಿನಲ್ಲಿ ಈಕೆ ಉಳಿದರು.

ಆದರೆ ಆಕೆಯನ್ನು ಕಾಡುತ್ತಿದ್ದುದು ಅದರ ಹಿಂದಿನ ವರ್ಷ. 1992ರ ಅಕ್ಟೋಬರಿನಿಂದ ಆ ಭಾಗದಲ್ಲಿ ಹಲವು ಬಾರಿ ಭೂಮಿ ನಡುಗಿತ್ತು, ಮನೆಮಂದಿಯೆಲ್ಲ ವಾರಗಟ್ಟಲೆ ಬಯಲಿನಲ್ಲಿ ಮಲಗಿದ್ದರು. ಏನೂ ಆಗದಿದ್ದಾಗ, ಸೊಳ್ಳೆ ಮತ್ತು ಚಳಿಯಿಂದ ಬೇಸತ್ತು, “ಸಾಕು, ಒಳಗೆ ಹೋಗೋಣ” ಎಂದು ಹಟ ಹಿಡಿದವರು ಈಕೆಯೇ. ಹೀಗಾಗಿ ಭಯ ಬಿಟ್ಟ ಮನೆಗೇ ಭೂಕಂಪ ಬರುತ್ತದೆ ಎಂಬ ನಿಯಮವನ್ನು ಆಕೆ ತನಗೆ ತಾನೇ ಮಾಡಿಕೊಂಡಿದ್ದರು. ಊರವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದಂತೆ ಆಕೆಯ ಕಾವಲು ಬಿಗಿಯಾಗುತ್ತಿದ್ದುದಕ್ಕೆ ಕಾರಣ ಇದು. ನಿದ್ರೆಯ ಗುಳಿಗೆಯ ಮಾತೆತ್ತಿದಾಗ, “ಗುಳಿಗಿ ತಗೊಂಡ್ರ ಚರಗಿ ಬಿದ್ದದ್ದು ಕೇಳಸ್ತದೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯನ್ನು ನೋಡಿದ ಮನೋವೈದ್ಯರೂ ಆಘಾತೋತ್ತರ ಒತ್ತಡವೆಂದು ಗುರುತಿಸಿ, ನಿದ್ರೆಯ ಔಷಧಿ ಇಲ್ಲದೆಯೇ ಆರಂಭಿಸೋಣ ಎಂದರು.

ಇಂಥವರಿಗೆ “ಏನೂ ಆಗುವುದಿಲ್ಲ” ಎಂದು ಭರವಸೆ ಕೊಡುವುದು ಸುಲಭ, ಆದರೆ ಭೂಕಂಪದ ದಿನ ಮತ್ತು ಗಳಿಗೆಯನ್ನು ಮುಂಚೆ ಹೇಳುವ ವಿದ್ಯೆ ಯಾರ ಬಳಿಯೂ ಇಲ್ಲದಿರುವಾಗ ಆ ಭರವಸೆ ಸುಳ್ಳಾಗುತ್ತದೆ ಮತ್ತು ಕಿಲ್ಲಾರಿಯನ್ನು ಕಂಡವರು ಆ ಸುಳ್ಳನ್ನು ಕೂಡಲೇ ಹಿಡಿಯುತ್ತಾರೆ. 1993ರಲ್ಲಿ ಅಧಿಕೃತ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿಯ ಪ್ರದೇಶವೂ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲೇ ಇತ್ತು. ಆದ್ದರಿಂದ ಎರಡನೆಯ ಭೇಟಿಯಲ್ಲಿ ನಾನು, ಮತ್ತೆ ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮ್ಮ ಕಾವಲು ಹುಚ್ಚೂ ಅಲ್ಲ, ಅದನ್ನು ಮನೆಮಂದಿ ಹೇಗೆ ಹಂಚಿಕೊಳ್ಳಬಹುದು ಎಂದು ನೋಡೋಣ ಎಂದೆ. ಆಕೆ ಮೊದಲ ಸಲ ಗೋಡೆಗೆ ಬೆನ್ನು ಕೊಟ್ಟು ಕುಳಿತರು.

ಮೊದಲ ಸಲಹೆ ಮನಸ್ಸಿಗಲ್ಲ, ಮನೆಗೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಸೋರದಿರಲೆಂದು ವರ್ಷವರ್ಷವೂ ಮಣ್ಣು ಹೇರಿ ಭಾರವಾಗಿದ್ದ ಮೇಲ್ಮುದ್ದೆ. ಆಕೆಯ ಗಂಡನ ಮನೆಯೂ ಅಂಥದೇ ಮಾಳಿಗೆಮನೆ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಲು, ಗೋಡೆಯ ಎರಡೂ ಮುಖಗಳನ್ನು ಹಿಡಿಯುವಂತೆ ಅಲ್ಲಲ್ಲಿ ಅಡ್ಡಗಲ್ಲು ಸೇರಿಸಲು, ಎಂಜಿನಿಯರರೊಬ್ಬರನ್ನು ಕೇಳಿ ಉಳಿದ ದುರಸ್ತಿ ಮಾಡಿಸಲು ಪತಿಗೆ ಸೂಚಿಸಿದೆ. ಅಲ್ಲಿಯವರೆಗೆ ಅಂಗಳದಲ್ಲಿ ತಗಡಿನ ಹಗುರ ಶೆಡ್ಡು ಹಾಕಿ, ಅದರಲ್ಲೇ ಎಲ್ಲರೂ ಮಲಗುವುದೆಂದು ತೀರ್ಮಾನವಾಯಿತು. ಹೆಂಡತಿಯ ಹಟಕ್ಕೆ ಸೋತಂತೆ ಎಂದು ಪತಿ ಗೊಣಗಿದರು. ಅವರ ಗೊಣಗು ತಗ್ಗಲು ಒಂದಿಡೀ ಭೇಟಿ ಬೇಕಾಯಿತು, ಅದನ್ನಿಲ್ಲಿ ಬರೆಯುವ ಅಗತ್ಯವಿಲ್ಲ.

ಚರಗಿಗಳನ್ನು ತೆಗೆಯಿರಿ ಎಂದು ನಾನು ಹೇಳಲಿಲ್ಲ. ಚರಗಿ ಕಾಯುತ್ತಿರುವಾಗ ನೀವೂ ಯಾಕೆ ಕಾಯಬೇಕು ಎಂದು ಮಾತ್ರ ಕೇಳಿದೆ. ವಾರದಲ್ಲಿ ಎರಡು ರಾತ್ರಿ ಕಾವಲಿನ ಹೊಣೆ ಪತಿಯದು, ಮಗಳನ್ನು ಚರಗಿ ಬಿದ್ದರೆ ಮಾತ್ರ ಎಬ್ಬಿಸುವುದು ಎಂದು ಒಪ್ಪಂದವಾಯಿತು. ಮೂರೂವರೆಗೆ ಎಚ್ಚರವಾದರೆ ಅಂಗೈಯನ್ನು ನೆಲಕ್ಕೊತ್ತಿ, ತಣ್ಣಗಿದೆಯೋ ಬೆಚ್ಚಗಿದೆಯೋ, ನಿಜವಾಗಿ ಅಲುಗುತ್ತಿದೆಯೋ ಎಂದು ನೋಡಿ, ಉಸಿರನ್ನು ನಿಧಾನವಾಗಿ ಬಿಡುತ್ತಾ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳಬೇಕು. ಮೂರನೆಯ ವಾರದ ಒಂದು ರಾತ್ರಿ ಬೆಕ್ಕು ಚರಗಿ ಕೆಡವಿತು. ಎಲ್ಲರೂ ಬಯಲಿಗೆ ಬಂದು, ತಲೆ ಎಣಿಸಿ, ಬೆಕ್ಕನ್ನು ಬೈದು, ಮರಳಿ ಮಲಗಿದರಂತೆ. ನನ್ನ ಯಾವ ಸಲಹೆಗಿಂತಲೂ ಆ ಬೆಕ್ಕಿನಿಂದ ಆದ ಉಪಕಾರ ದೊಡ್ಡದೆಂದು ನನಗನ್ನಿಸಿತು.

ತಮ್ಮನ ವಿಷಯವನ್ನು ನಾನು ಆರನೆಯ ಭೇಟಿಯವರೆಗೆ ಮುಟ್ಟಲಿಲ್ಲ. ದುರಂತ ಕಂಡವರಿಂದ ಒಂದೇ ಕೂತಿನಲ್ಲಿ ಎಲ್ಲವನ್ನೂ ಹೇಳಿಸುವುದರಿಂದ ಗಾಯ ಮತ್ತೆ ಕೆದರಬಹುದು. “ನಿಮ್ಮ ತಪ್ಪಲ್ಲ” ಎಂಬ ಮಾತನ್ನು ಇಪ್ಪತ್ತೆಂಟು ವರ್ಷ ಕೇಳಿ ಆಕೆಗೆ ಸಾಕಾಗಿತ್ತು. ಬದಲಿಗೆ, ಸೆಪ್ಟೆಂಬರ್ 29ರ ಸಂಜೆ ಹದಿನಾಲ್ಕು ವರ್ಷದ ಆ ಹುಡುಗಿಗೆ ಏನೇನು ಗೊತ್ತಿತ್ತು ಎಂದು ಕೇಳಿದೆ. ಹಿಂದಿನ ವರ್ಷದ ನಡುಕ ನಿಂತಿತ್ತು, ದೊಡ್ಡವರೆಲ್ಲ ಒಳಗೆ ಮಲಗುತ್ತಿದ್ದರು, ತಮ್ಮನ ಕಾಲು ಮೆರವಣಿಗೆಯಲ್ಲಿ ನಡೆದು ನೋಯುತ್ತಿತ್ತು, ತಾನೇ ಎಣ್ಣೆ ಹಚ್ಚಿದ್ದೆ ಎಂದು ಹೇಳುತ್ತ ಹೋದವರು, ಎಣ್ಣೆಯ ಮಾತಿಗೆ ಬಂದು ಅತ್ತರು. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಆ ವರ್ಷ ತಮ್ಮನ ಹೆಸರಿನಲ್ಲಿ ಏನಾದರೂ ಮಾಡಬೇಕೆನಿಸಿದರೆ ಮಾಡಿ ಎಂದೆ. ಊರಿನ ಶಾಲೆಯ ಒಂಬತ್ತು ವರ್ಷದ ಮಕ್ಕಳಿಗೆ ಹೋಳಿಗೆ ಊಟ ಹಾಕಿಸಿದರು.

ಎಂಟು ಭೇಟಿಗಳಾದ ಮೇಲೆ ಆಕೆ ಐದು ಗಂಟೆ ನಿದ್ರಿಸುತ್ತಿದ್ದರು. ಸೆಪ್ಟೆಂಬರ್ ಹತ್ತಿರವಾದಾಗ ಎದೆಬಡಿತ ಮರಳಬಹುದು, ಅದನ್ನು ಹಿಂದಕ್ಕೆ ಜಾರಿದಂತೆ ಎಣಿಸಬೇಡಿ ಎಂದು ಮೊದಲೇ ತಿಳಿಸಿದ್ದೆ. ಹಾಗೆಯೇ ಆಯಿತು, ಹತ್ತು ದಿನಗಳಲ್ಲಿ ತಗ್ಗಿತು. ಇದೇ ಸ್ಥಿತಿಯಲ್ಲಿರುವ ಓದುಗರು ಹತ್ತಿರದಲ್ಲಿ ಆಪ್ತಸಲಹೆಗಾರರಿಲ್ಲದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೊನ್ನೆ ಆಕೆಯೇ ಫೋನ್ ಮಾಡಿದ್ದರು. ಮಗಳಿಗೆ ಕಲಬುರಗಿಯಲ್ಲಿ ಕಾಲೇಜು ಸಿಕ್ಕಿದೆ, ಹಾಸ್ಟೆಲಿನ ಕೋಣೆ ಮೂರನೇ ಮಹಡಿಯಲ್ಲಿದೆ. ಚರಗಿಗಳನ್ನು ಅವಳ ಪೆಟ್ಟಿಗೆಯಲ್ಲಿ ಇಡಲೋ ಬೇಡವೋ ಎಂದು ಕೇಳಿದರು. ಮಗಳನ್ನೇ ಕೇಳಿ ಎಂದೆ. “ಆಕಿ ಒಂದೇ ಸಾಕು ಅಂತಾಳ್ರಿ” ಎಂದರು.