420 ಮಕ್ಕಳ ಶಾಲೆಗೆ ಆಪ್ತಸಮಾಲೋಚಕರು: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಮಾನ್ಯರೇ, 420 ಮಕ್ಕಳಿರುವ ತಮ್ಮ ಪ್ರೌಢಶಾಲೆಯಲ್ಲಿ ಆಪ್ತಸಮಾಲೋಚನೆಯ ಹೊಣೆಯನ್ನು ಸಮಾಜ ವಿಜ್ಞಾನದ ಶಿಕ್ಷಕರಿಗೇ ವಹಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಯಂತೆ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜಕಾರ್ಯಕರ್ತರನ್ನೋ ಕನಿಷ್ಠ ಒಬ್ಬರನ್ನಾದರೂ ಹೊಂದಿರಬೇಕು. ಅದಿರಲಿ, ಆಂತರಿಕ ಅಂಕ ಕೊಡುವ ಮೇಷ್ಟರ ಮುಂದೆ ಯಾವ ಮಗು ತಾನೇ ಮನಸ್ಸು ಬಿಚ್ಚೀತು?

ಆ ಶಿಕ್ಷಕರಿಗೆ ನಿಜವಾಗಿಯೂ ಆಸಕ್ತಿಯಿದ್ದರೆ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾಕ್ಕೆ ಕಳುಹಿಸಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಅಧ್ಯಯನ ಕೇಂದ್ರ. ಎಸ್ಸೆಸ್ಸೆಲ್ಸಿ ನಂತರದ ಕೋರ್ಸುಗಳ ಮಾಹಿತಿ ನೀಡುವುದಕ್ಕೆ ಅವರೇ ಸೂಕ್ತ.

ಆಪ್ತಸಮಾಲೋಚನೆಯ ಕೊಠಡಿಯ ವಿಷಯದಲ್ಲಿ ಮಾತ್ರ ಅವಸರ ಬೇಡ. ನಾನಿದ್ದ ಶಾಲೆಯೊಂದರಲ್ಲಿ ಅದು ಮುಖ್ಯೋಪಾಧ್ಯಾಯರ ಕಚೇರಿಯ ಎದುರಿಗಿತ್ತು, ಬಾಗಿಲಿಗೆ ದೊಡ್ಡ ಬೋರ್ಡು ಬೇರೆ. ಎರಡು ತಿಂಗಳು ಒಂದು ಮಗುವೂ ಹೊಸ್ತಿಲು ದಾಟಲಿಲ್ಲ. ಬೋರ್ಡು ತೆಗೆದು, ಗ್ರಂಥಾಲಯದ ಪಕ್ಕದ ಕೋಣೆಗೆ ಸ್ಥಳಾಂತರಿಸಿದ ಮೇಲೆ, ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬರತೊಡಗಿದರು.

ಗೋಪ್ಯತೆಗೂ ಮಿತಿಯಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು, ಏಕೆಂದರೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ನೇಮಕವಾಗುವವರೆಗೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಪ್ರತಿ ತರಗತಿಯಲ್ಲೂ ಬರೆದು ಹಾಕಿಸಿ.