ಸಂಬಳ ಏರಿಸಿದರೂ ಹುಡುಗರು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ, 35 ಜನ ಇದ್ದಾರೆ. ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಆಪರೇಟರ್‌ಗಳು ಕೆಲಸ ಕಲಿಯುವವರೆಗೆ ಇರುತ್ತಾರೆ, ಆಮೇಲೆ ಪಕ್ಕದ ಶೆಡ್‌ನವರು ಸಾವಿರ ರೂಪಾಯಿ ಜಾಸ್ತಿ ಕೊಡ್ತೀವಿ ಅಂದರೆ ಹೊರಟೇಬಿಡುತ್ತಾರೆ. ಕಳೆದ ವರ್ಷ ಸಂಬಳ ಏರಿಸಿದೆ. ಆಯುಧಪೂಜೆಗೆ ಬಟ್ಟೆ, ಸ್ವೀಟ್ ಕೊಟ್ಟೆ, ಕೇರಂ ಬೋರ್ಡ್ ಕೂಡ ತಂದಿಟ್ಟೆ. ನಮ್ಮಂಥ ಸಣ್ಣವರು ಇನ್ನೇನು ಮಾಡಬಹುದು ಮೇಡಂ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನೀವು ಕೊಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಬಳ ಎಷ್ಟನೇ ತಾರೀಕು ಆಗುತ್ತೆ ಅಂತ ನೀವು ಬರೆದೇ ಇಲ್ಲ. ನಾನು ಮೊದಲು ಕೇಳುವುದೇ ಅದನ್ನ. 7ನೇ ತಾರೀಕಿನೊಳಗೆ ಕೊಡಬೇಕು ಅಂತ ಕಾನೂನೇ ಇದೆ. 'ಪಾರ್ಟಿ ಪೇಮೆಂಟ್ ಬಂದಿಲ್ಲ, ಇನ್ನೊಂದು ವಾರ ತಡೀರಿ' ಅಂತ ನೀವು ಹೇಳಿಬಿಡಬಹುದು, ಆದರೆ ಆ ಹುಡುಗನಿಗೆ ಮನೆ ಬಾಡಿಗೆ, ಬೈಕಿನ ಇಎಂಐ, ಚೀಟಿ ಕಂತು ಯಾವುದೂ ತಡೆಯೋದಿಲ್ಲ ಅಲ್ವಾ?

ಇನ್ನು ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ). 35 ಜನ ಇರುವ ಕಡೆ ಎರಡೂ ಕಡ್ಡಾಯ. ನಾನು ಎಚ್‌ಆರ್‌ನಲ್ಲಿದ್ದ ಒಂದು ಕಾರ್ಖಾನೆಯಲ್ಲಿ ಒಬ್ಬ ಟರ್ನರ್ ಊಟದ ಹೊತ್ತಲ್ಲಿ ಮೊಬೈಲು ಹಿಡಿದು ಬಂದ. ಸಂಬಳದ ಚೀಟಿಯಲ್ಲಿ ನಾಲ್ಕು ತಿಂಗಳಿಂದ ಪಿಎಫ್ ಮುರಿದಿದ್ದರು, ಪಾಸ್‌ಬುಕ್ಕಿನಲ್ಲಿ ಒಂದು ಎಂಟ್ರಿಯೂ ಇಲ್ಲ. ಅವನು ಜಗಳ ಮಾಡಲಿಲ್ಲ. ಮುಂದಿನ ವಾರ ಬೇರೆ ಕಡೆ ಸೇರಿದ, ಹಿಂದೆಯೇ ಇನ್ನಿಬ್ಬರು ಹೋದರು. ಹಣ ಆಮೇಲೆ ಕಟ್ಟಿದರು, ಹೋದವರು ಮಾತ್ರ ವಾಪಸ್ ಬರಲಿಲ್ಲ. ಪ್ರತಿ ತಿಂಗಳು 15ರೊಳಗೆ ಕಟ್ಟಿಬಿಡಿ, ಪಾಸ್‌ಬುಕ್ ನೋಡೋದು ಹೇಗೆ ಅಂತ ನೀವೇ ಕೂರಿಸಿಕೊಂಡು ಹೇಳಿಕೊಡಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ ವಿಷಯವನ್ನು ತುಂಬಾ ಮಾಲೀಕರು ಬಾಯಿಬಿಟ್ಟು ಹೇಳೋದೇ ಇಲ್ಲ, ನೀವು ಹುಡುಗರು ಸೇರಿದ ದಿನವೇ ಲೆಕ್ಕ ಹಾಕಿ ತೋರಿಸಿ. ಖಾಯಂ ಕೆಲಸದವರು ಐದು ವರ್ಷ ಪೂರೈಸಿದರೆ ವರ್ಷಕ್ಕೆ 15 ದಿನದ ಸಂಬಳ, ಅದೂ ಬಿಡುವಾಗಿನ ಬೇಸಿಕ್, ಡಿಎ (ತುಟ್ಟಿಭತ್ಯೆ) ಮೇಲೆ. ಅದು ತಿಂಗಳಿಗೆ 20,800 ಇದ್ದರೆ, ತಿಂಗಳಿಗೆ 26 ಕೆಲಸದ ದಿನ ಅಂತ ಹಿಡಿದು 26ರಿಂದ ಭಾಗಿಸಿ, ದಿನಕ್ಕೆ 800 ಆಯ್ತು. 15 ದಿನಕ್ಕೆ 12,000, ಐದು ವರ್ಷಕ್ಕೆ 60,000. ಓವರ್‌ಟೈಮ್‌ಗೆ ಡಬಲ್ ಕೊಡಬೇಕು ಅನ್ನೋದು ನಿಮಗೂ ಗೊತ್ತಿರುತ್ತೆ.

ಖರ್ಚೇ ಇಲ್ಲದ ಕೆಲಸ ಒಂದಿದೆ. ತಿಂಗಳ ಶಿಫ್ಟ್ ಪಟ್ಟಿಯನ್ನು ಹಿಂದಿನ ತಿಂಗಳೇ ಗೋಡೆಗೆ ಅಂಟಿಸಿ. ಊರ ಜಾತ್ರೆ, ತಂಗಿ ಮದುವೆ ಅಂತ ಮೊದಲೇ ಕೇಳಿದ ರಜೆಗೆ ಆವತ್ತೇ ಹೂಂ ಅಥವಾ ಊಹೂಂ ಅನ್ನಿ. ಹೊರಡೋ ಹಿಂದಿನ ರಾತ್ರಿ 'ಅರ್ಜೆಂಟ್ ಆರ್ಡರ್ ಇದೆ, ನಾಳೆ ಬಾ' ಅಂದರೆ, ಅವನು ಬರುತ್ತಾನೆ, ಆದರೆ ಆವತ್ತಿನಿಂದಲೇ ಬೇರೆ ಕೆಲಸ ಹುಡುಕುತ್ತಾನೆ. ಫೋರ್‌ಮನ್ ಬಾಯಿ ಹೇಗಿದೆ ಅಂತಲೂ ನೋಡಿ. ಎಲ್ಲರ ಮುಂದೆ ಅವ್ವ ಅಪ್ಪನ್ನ ಎತ್ತಿ ಬೈಯುವವನ ಕೈಕೆಳಗೆ ಯಾವ ಹುಡುಗನೂ ನಿಲ್ಲೋದಿಲ್ಲ, ಎಷ್ಟು ಸಂಬಳ ಕೊಟ್ಟರೂ.

ಬಿಟ್ಟು ಹೋಗುವವರ ಲೆಕ್ಕವನ್ನೂ ಸತಾಯಿಸದೆ ಬೇಗ ಚುಕ್ತಾ ಮಾಡಿ. ಅವರು ಹೋಗೋದು ಪಕ್ಕದ ಶೆಡ್‌ಗೇ, ಟೀ ಅಂಗಡಿಯಲ್ಲಿ ನಿಮ್ಮ ಹುಡುಗರಿಗೆ ದಿನಾ ಸಿಗುತ್ತಾರೆ.