ಟೋಕಿಯೋದಲ್ಲಿ ಸಸ್ಯಾಹಾರಿಗೆ ಬರ್ಗರ್

ಟೋಕಿಯೋಗೆ ಬಂದು ಒಂದು ವಾರವಾಯಿತು, ಮೊಟ್ಟೆಯೂ ತಿನ್ನುವುದಿಲ್ಲ, ಮೆಕ್‌ಡೊನಾಲ್ಡ್ಸ್‌ನಲ್ಲಿ ಫ್ರೈಸ್ ಆದರೂ ನಡೆಯುತ್ತದಾ ಅಂತ ಕೇಳಿದ್ದೀರಿ. ಬೇಡ. ಇಲ್ಲಿ ಕರಿಯುವ ಎಣ್ಣೆಯಲ್ಲೇ ದನದ ಕೊಬ್ಬು ಬೆರೆತಿರುತ್ತದೆ. ನಮ್ಮೂರಿನ ಆಲೂ ಟಿಕ್ಕಿಯನ್ನೂ ಹುಡುಕಬೇಡಿ. ಇಲ್ಲಿನವರ ಬಾಯಿಗೆ ತಕ್ಕಂತೆ ಇರುವುದು ತೆರಿಯಾಕಿ (ಸಿಹಿ ಸೋಯಾ ಸಾಸ್ ಹಚ್ಚಿದ ಮಾಂಸದ ಬರ್ಗರ್), ಸೀಗಡಿ, ಆಮೇಲೆ ಸೆಪ್ಟೆಂಬರ್ ಹೊತ್ತಿಗೆ ಹುಣ್ಣಿಮೆ ನೋಡುವ ಹಬ್ಬದ ಹೆಸರಲ್ಲಿ ಬರುವ ತ್ಸುಕಿಮಿ ಬರ್ಗರ್. ಅದರಲ್ಲಿ ಮೊಟ್ಟೆಯೇ ಚಂದ್ರ!

ಸೀದಾ ಮಾಸ್ ಬರ್ಗರ್‌ಗೆ ಹೋಗಿ, 1972ರಲ್ಲಿ ಶುರುವಾದ ಜಪಾನಿನದೇ ಕಂಪನಿ. 2020ರಲ್ಲಿ ಅವರು ತಂದ ಗ್ರೀನ್ ಬರ್ಗರ್‌ನಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟಿದ್ದಾರೆ, ನಮ್ಮಜ್ಜಿ ಕೇಳಿದ್ದರೆ ಒಂದು ತಿಂದು ನೋಡುತ್ತೇನೆ ಅನ್ನುತ್ತಿದ್ದರೋ ಏನೋ. ಬನ್ನಿಗೆ ಪಾಲಕ್ ಹಾಕಿರುವುದರಿಂದ ತಿಳಿ ಹಸಿರು ಬಣ್ಣ, ಒಳಗೆ ಸೋಯಾ ಪ್ಯಾಟಿ. ಖಾರ ಮಾತ್ರ ಕೇಳಬೇಡಿ, ನಾನು ಮೊದಲ ಸಲ ಮನೆಗೆ ಕಟ್ಟಿಸಿಕೊಂಡು ಬಂದು ಚಟ್ನಿಪುಡಿ ಉದುರಿಸಿಕೊಂಡೇ ತಿಂದೆ. ಬನ್ ಬದಲು ಅನ್ನದ ಬಿಲ್ಲೆ ಇರುವ ರೈಸ್ ಬರ್ಗರ್ ನೋಡಿ ಆಸೆಯಾಗಬಹುದು, ಆದರೆ ಒಳಗೆ ಸಾಮಾನ್ಯವಾಗಿ ಮಾಂಸ ಅಥವಾ ಸೀಗಡಿ.

ಇನ್ನೊಂದು, ಸುಮ್ನೆ ‘ವೆಜಿಟೇರಿಯನ್’ ಅಂದರೆ ಸಾಲದು, ಇಲ್ಲಿ ಎಷ್ಟೋ ಜನಕ್ಕೆ ಮೀನಿನ ಸಾರು ಮಾಂಸಾಹಾರದ ಲೆಕ್ಕಕ್ಕೇ ಬರುವುದಿಲ್ಲ. ‘ನಿಕು ನಾಶಿ, ಸಕಾನ ನಾಶಿ, ತಮಾಗೊ ನಾಶಿ’ ಅಂತ ಒಂದೊಂದೇ ಹೇಳಿ: ಮಾಂಸ, ಮೀನು, ಮೊಟ್ಟೆ ಬೇಡ.